ಕ್ಯಾಲೆಂಡರ್ ಬೆನ್ನಿನ ಮೂರನೆಯ ಕಾಲಂ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಆ ವರ್ಷದ ನನ್ನ ದಿನಚರಿ ಕುವೈತಿನ ಮಂಗಫ್‌ನ ಫ್ಲಾಟಿನಲ್ಲಿ ಉಳಿದುಹೋಯಿತು. ಮರುವರ್ಷ ಮರಳಿ ಬಂದಾಗ ಅದನ್ನು ಇಟ್ಟಿದ್ದ ಕಪಾಟೂ ಅಲ್ಲಿರಲಿಲ್ಲ. ದಿನಾಲೂ ಬರೆಯುವವರಿಗೆ ಒಂದು ಕೆಟ್ಟ ಅಭ್ಯಾಸವಿರುತ್ತದೆ. ಬರೆದಾಯಿತಲ್ಲ ಎಂದು ನೆನಪಿಟ್ಟುಕೊಳ್ಳುವುದನ್ನು ಬಿಟ್ಟುಬಿಡುತ್ತಾರೆ. ಹಾಗಾಗಿ ನನ್ನ ತಲೆಯಲ್ಲಿ ಉಳಿದಿರುವುದು ಹೆಚ್ಚಾಗಿ ಬರೆಯದೆ ಬಿಟ್ಟ ಸಂಗತಿಗಳು, ಮತ್ತು ನಾನು ಬರೆಯಲು ನಾಚುತ್ತಿದ್ದುದು ಹೊಟ್ಟೆಕಿಚ್ಚಿನ ಸಂಗತಿಗಳನ್ನು. ಓದುವವರು ಅಷ್ಟು ಕಳೆದು ಓದಿಕೊಳ್ಳಬೇಕು.

ತೊಂಬತ್ತನೇ ಇಸವಿಯ ಚಳಿ ಮುಗಿಯುತ್ತಿತ್ತು. ನಾನು ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿದ್ದೆ. ಕೆಳಗಿನ ಅಂತಸ್ತಿನಲ್ಲಿ ಪಂಪು, ವಾಲ್ವುಗಳ ಗೋದಾಮು. ಮೇಲೆ ನಮ್ಮ ಕಂಪ್ಯೂಟರ್ ವಿಭಾಗ. ಮೀನಾ ಅಲ್ ಅಹ್ಮದಿ ಬಂದರು ದಾಟಿದ ಮೇಲೆ, ಸಣ್ಣ ಹಡಗುಗಳಿಗೆ ಇಂಧನ ತುಂಬಿಸುವ ಒಂದು ಖಾಸಗಿ ಟ್ಯಾಂಕ್ ಯಾರ್ಡ್ ಇತ್ತು. ಅಲ್ಲಿ ಪಂಪು ಒಂದು ಟ್ಯಾಂಕಿನಿಂದ ಎಣ್ಣೆ ಎಳೆಯುತ್ತಿರುತ್ತದೆ. ಆ ಟ್ಯಾಂಕು ಬರಿದಾಗುತ್ತ ಬಂದಾಗ, ಪಂಪು ನಿಲ್ಲಿಸದೆ, ಪಕ್ಕದ ಟ್ಯಾಂಕಿಗೆ ಬದಲಾಯಿಸಬೇಕು. ಹೊಸ ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದ ಮೇಲೆಯೇ ಹಳೆಯದನ್ನು ಮುಚ್ಚಬೇಕು. ಮೊದಲೇ ಮುಚ್ಚಿದರೆ ಪಂಪು ಬರಿದೆ ತಿರುಗಿ ಕೆಡುತ್ತದೆ. ಎರಡನ್ನೂ ಬಹಳ ಹೊತ್ತು ತೆರೆದಿಟ್ಟರೆ ತುಂಬಿದ ಟ್ಯಾಂಕಿನ ಎಣ್ಣೆ ಬರಿದಾದ ಟ್ಯಾಂಕಿಗೆ ಇಳಿಯುತ್ತದೆ. ಹೇಳಲು ಇಷ್ಟೇ. ಅದುವರೆಗೆ ಇದನ್ನು ಆಪರೇಟರುಗಳು ಕೈಯಿಂದ ಮಾಡುತ್ತಿದ್ದರು. ಕಂಪ್ಯೂಟರಿನಿಂದ ಮಾಡಿಸುವ ಪ್ರೋಗ್ರಾಮ್ ಬರೆದವಳು ನಾನು.

ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮಾಡಿ ಬಂದು, ಆ ತನಕ ಸಂಬಳದ ಪಟ್ಟಿ, ದಾಸ್ತಾನಿನ ಪಟ್ಟಿ ಮುದ್ರಿಸುವ ಪ್ರೋಗ್ರಾಮುಗಳನ್ನೇ ಬರೆದಿದ್ದೆ. ಕಲಿತದ್ದನ್ನು ಕೇಳಿದ ಮೊದಲ ಕೆಲಸ ಇದು. ಇದನ್ನು ನಾನು ಮಾಡಿದೆ ಎಂದು ಹೇಳಿಕೊಳ್ಳಬಹುದಾದ ಒಂದು ವಸ್ತು ನನಗೆ ಬೇಕಿತ್ತು. ಅದಕ್ಕಿಂತ ದೊಡ್ಡ ಆಸೆಯೇನೂ ಇರಲಿಲ್ಲ.

ಪ್ರೋಗ್ರಾಮಿಗೆ ಎರಡು ಭಾಗ. ಒಂದು, ಟ್ಯಾಂಕ್ ಬದಲಾಯಿಸುವ ಭಾಗ. ಇನ್ನೊಂದು, ಎರಡೂ ವಾಲ್ವ್ ತೆರೆದಿರುವಾಗ ಒತ್ತಡ ಹೆಚ್ಚಾದರೆ ಒಂದನ್ನು ಮುಚ್ಚಿ ಗಂಟೆ ಬಾರಿಸುವ ಎಚ್ಚರಿಕೆಯ ಭಾಗ. ಎರಡೂ ಒಂದೇ ಕಂಪ್ಯೂಟರಿನಲ್ಲಿ ಸರದಿಯಂತೆ ಓಡುತ್ತಿದ್ದವು. ಪರೀಕ್ಷೆಗೆಂದು ಆಫೀಸಿನಲ್ಲಿ ಒಂದು ಹಲಗೆಗೆ ದೀಪ, ಸ್ವಿಚ್ಚುಗಳನ್ನು ಜೋಡಿಸಿಕೊಂಡಿದ್ದೆವು. ಸ್ವಿಚ್ ಒತ್ತಿದರೆ ವಾಲ್ವ್ ತೆರೆದಂತೆ, ದೀಪ ಆರಿದರೆ ಮುಚ್ಚಿದಂತೆ. ಬೆಳಗಿನಿಂದ ಸಂಜೆಯವರೆಗೆ ಎಲ್ಲ ಸರಿ ಇರುತ್ತಿತ್ತು. ಆದರೆ ಯಾವಾಗಲೋ ಒಮ್ಮೆ, ಯಾಕೆಂದು ತಿಳಿಯದೆ, ಎರಡು ದೀಪಗಳೂ ಒಟ್ಟಿಗೆ ಆರುತ್ತಿದ್ದವು. ಅಂದರೆ ಎರಡೂ ವಾಲ್ವ್ ಮುಚ್ಚಿ ಪಂಪು ಮಾತ್ರ ಓಡುತ್ತಿದೆ ಎಂದರ್ಥ. ಮತ್ತೆ ಅದೇ ಸ್ವಿಚ್ಚುಗಳನ್ನು ಅದೇ ಕ್ರಮದಲ್ಲಿ ಒತ್ತಿದರೆ ಏನೂ ಆಗುತ್ತಿರಲಿಲ್ಲ. ವಾರಗಟ್ಟಲೆ ಹುಡುಕಿದೆ. ನಮ್ಮ ವಿಭಾಗದ ಮುಖ್ಯಸ್ಥರು ಪ್ಯಾಲೆಸ್ಟೀನಿನ ಇಂಜಿನಿಯರ್, ಮೃದು ಮನುಷ್ಯ. ಬೇಸಿಗೆಯೊಳಗೆ ಸರಿಹೋಗದಿದ್ದರೆ ಹೊರದೇಶದ ಕಂಪನಿಯ ಸಿದ್ಧ ಪ್ರೋಗ್ರಾಮನ್ನೇ ತರಿಸುವುದಾಗಿ ಯಾರ್ಡಿನವರು ಹೇಳಿದ್ದಾರೆ ಎಂದು ನನಗೆ ತಿಳಿಸುವಾಗ ಅವರು ನನ್ನ ಮುಖ ನೋಡಲಿಲ್ಲ.

ಆ ಹೊತ್ತಿಗೆ ನನ್ನ ತಂಗಿ ಬಂದಳು. ಸ್ಕಾಟ್ಲೆಂಡಿನಲ್ಲಿ ಡಾಕ್ಟರೇಟ್ ಮುಗಿಸಿ, ಅಲ್ಲೇ ಕೆಲಸದ ಆದೇಶಕ್ಕೆ ಕಾಯುತ್ತಿದ್ದಳು. ನಡುವಿನ ತಿಂಗಳುಗಳನ್ನು ವಿಸಿಟ್ ವೀಸಾದಲ್ಲಿ ನಮ್ಮ ಜೊತೆ ಕಳೆಯಲು ಬಂದಿದ್ದಳು. ಅವಳು ಓದಿದ್ದು ಪ್ರೋಗ್ರಾಮುಗಳನ್ನು ಗಣಿತದ ಪ್ರಮೇಯಗಳಂತೆ ಸಾಧಿಸುವುದನ್ನು. ಅದರಲ್ಲೂ ಒಟ್ಟಿಗೆ ಓಡುವ, ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕುವ ಪ್ರೋಗ್ರಾಮುಗಳನ್ನು. ಈ ಮಾತನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಅವಳಿಗೆ ಗಣಿತದ ಇಂಡಕ್ಷನ್ ಕಲಿಸಿದವಳು ನಾನು. ಹುಬ್ಬಳ್ಳಿಯ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೂಡಿಸಿ, ಮೊದಲನೆಯ ಮೆಟ್ಟಿಲು ಹತ್ತಬಲ್ಲೆಯಾದರೆ, ಯಾವ ಮೆಟ್ಟಿಲಿನಿಂದಲೂ ಮುಂದಿನದಕ್ಕೆ ಹೋಗಬಲ್ಲೆಯಾದರೆ, ಎಲ್ಲ ಮೆಟ್ಟಿಲೂ ನಿನ್ನವೇ ಎಂದು ಹೇಳಿಕೊಟ್ಟಿದ್ದೆ. ಅವಳು ಹತ್ತಿಹೋದಳು.

ಬಂದ ವಾರದಲ್ಲೇ ಮನೆ ಅವಳದಾಯಿತು. ನನ್ನ ಮಗಳು, ಆಗ ಎರಡನೇ ಕ್ಲಾಸು, ಲೆಕ್ಕದ ಪುಸ್ತಕ ಹಿಡಿದು ನನ್ನನ್ನು ದಾಟಿ ಅವಳ ಹತ್ತಿರ ಹೋಗುತ್ತಿದ್ದಳು. ಯಾಕೆ ಎಂದು ಒಮ್ಮೆ ಕೇಳಿದೆ. “ಮೌಶಿ ಎಕ್ಸ್‌ಪ್ಲೇನ್ಸ್ ಇಟ್ ಬೆಟರ್, ಅಮ್ಮಾ” ಎಂದಿತು ಮಗು, ಯಾವ ಕೆಡುಕೂ ಇಲ್ಲದೆ. ಉಪ್ಪುನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಇಂಜಿನಿಯರಾಗಿದ್ದ ನನ್ನ ಗಂಡ ಅವಳಿಗೆಂದು ಬೀಜ ತೆಗೆದ ಖರ್ಜೂರ ತರುತ್ತಿದ್ದರು. ನಮಗೆ ಯಾವಾಗಲೂ ಬೀಜವಿರುವುದೇ ಸಾಕಾಗಿತ್ತು.

ನನ್ನ ಕೆಲಸದ ಕಷ್ಟವನ್ನು ಅವಳಿಗೆ ಹೇಳಬಾರದೆಂದಿದ್ದೆ. ಹೇಳಿದವರು ಗಂಡ. ಒಂದು ಶುಕ್ರವಾರ ಊಟವಾದ ಮೇಲೆ ಅವಳು ಮೇಜು ಒರೆಸಿ, ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆ ಹರಿದು, ಅದರ ಬೆನ್ನು ಮೇಲೆ ಮಾಡಿ ಹರಡಿದಳು. ಶುವೈಖ್‌ನ ಬಿಡಿಭಾಗದ ವ್ಯಾಪಾರಿಯೊಬ್ಬ ಕೊಟ್ಟ ಕ್ಯಾಲೆಂಡರ್. ಮುಂಭಾಗದಲ್ಲಿ ಒಂದು ಕೆಂಪು ಪಿಕಪ್ ಗಾಡಿಯ ಚಿತ್ರ. ಪ್ರೋಗ್ರಾಮಿನ ಕಾಗದಗಳನ್ನು ನಾನು ಮುಂದೆ ಚಾಚಿದರೆ ಅವಳು ಮುಟ್ಟಲಿಲ್ಲ.

“ಪ್ರೋಗ್ರಾಮ್ ಆಮ್ಯಾಲೆ ತೋರ್ಸು ಅಕ್ಕಾ. ಮದಲ ಒಂದ ಮಾತ ಹೇಳು. ಪಂಪ್ ಓಡೋವಾಗ ಯಾವದು ಯಾವಾಗ್ಲೂ ಖರೇ ಇರಬೇಕು?”

ಒಂದಾದರೂ ವಾಲ್ವ್ ಪೂರ್ತಿ ತೆರೆದಿರಬೇಕು ಎಂದೆ. ಅದನ್ನು ಅವಳು ಹಾಳೆಯ ನೆತ್ತಿಯಲ್ಲಿ ಬರೆದಳು. ಇಂಗ್ಲಿಷಿನಲ್ಲಿ ಅದಕ್ಕೊಂದು ಹೆಸರಿದೆ. ಅವಳು ‘ಕದಲದ ಮಾತು’ ಎಂದಳು. ಅದರ ಕೆಳಗಿನಿಂದ ಹಾಳೆಯ ಬುಡದವರೆಗೆ ಒಂದು ಉದ್ದ ಗೆರೆ ಎಳೆದಳು. ಗೆರೆಯ ಒಂದು ಕಡೆ ಬದಲಾಯಿಸುವ ಭಾಗದ ಸಾಲುಗಳು, ಇನ್ನೊಂದು ಕಡೆ ಎಚ್ಚರಿಕೆಯ ಭಾಗದ ಸಾಲುಗಳು. ಪ್ರತಿ ಎರಡು ಸಾಲುಗಳ ನಡುವೆ, ಈ ಹಂತದಲ್ಲಿ ಏನು ನಿಜ ಎಂದು ಪೆನ್ಸಿಲಿನಲ್ಲಿ ಬರೆಯುತ್ತ ಬಂದಳು. ದೋಷವನ್ನು ಅವಳು ಹುಡುಕುತ್ತಿರಲಿಲ್ಲ. ಪ್ರೋಗ್ರಾಮ್ ಸರಿ ಇದೆ ಎಂದು ಸಾಧಿಸಲು ಹೊರಟಿದ್ದಳು. ಸಾಧನೆ ಎಲ್ಲಿ ನಿಂತುಹೋಗುತ್ತದೋ ಅಲ್ಲಿ ದೋಷವಿರುತ್ತದೆ. ಮಗಳು ಎದುರು ಕುಳಿತು ಕೆಂಪು ಗಾಡಿ ಎಲ್ಲಿ ಹೋಯಿತೆಂದು ಕೇಳುತ್ತಿದ್ದಳು.

ಚಹಾದ ಹೊತ್ತಿಗೆ ಪೆನ್ಸಿಲು ನಿಂತಿತು. ಹೊಸ ವಾಲ್ವ್ ತೆರೆದಿದೆಯೇ ಎಂದು ನನ್ನ ಪ್ರೋಗ್ರಾಮ್ ಮೊದಲು ಓದುತ್ತಿತ್ತು. ಆಮೇಲೆ ಟ್ಯಾಂಕಿನ ಮಟ್ಟ ಓದಲು ಹೋಗುತ್ತಿತ್ತು. ಹಿಂದಿರುಗಿ ಬಂದು ಹಳೆಯ ವಾಲ್ವ್ ಮುಚ್ಚುತ್ತಿತ್ತು.

“ನೀ ಓದಿದ್ದು ಆಗಿನ ಮಾತು” ಎಂದಳು ತಂಗಿ. “ಈಗ್ಲೂ ಅದು ಖರೇ ಅದ ಅಂತ ಯಾರ ಹೇಳಿದ್ರು ನಿನಗ?”

ಆ ನಡುವಿನ ಚೂರು ಹೊತ್ತಿನಲ್ಲಿ ಎಚ್ಚರಿಕೆಯ ಭಾಗ ಎದ್ದು ಹೊಸ ವಾಲ್ವನ್ನು ಮುಚ್ಚಿಬಿಟ್ಟಿದ್ದರೆ, ನನ್ನ ಪ್ರೋಗ್ರಾಮ್ ಹಳೆಯ ನಿಜವನ್ನು ನಂಬಿ ಇನ್ನೊಂದನ್ನೂ ಮುಚ್ಚುತ್ತಿತ್ತು. ಎರಡು ದೀಪ ಆರುತ್ತಿದ್ದುದು ಹೀಗೆ. ನಾನು ವಾರಗಟ್ಟಲೆ ಸ್ವಿಚ್ ಒತ್ತುತ್ತ ಕಾಣದ್ದನ್ನು ಅವಳು ಕಂಪ್ಯೂಟರನ್ನು ಕಣ್ಣಿಂದಲೂ ನೋಡದೆ ಕಂಡಿದ್ದಳು. “ನಿನ್ನ ತಂಗಿ ಕಾಗದದ ಮ್ಯಾಲೆ ಇಡೀ ಯಾರ್ಡ್ ನಡಸ್ತಾಳಲ್ಲ” ಎಂದರು ಗಂಡ. ನಾನು ನಕ್ಕೆ. ಕಪ್ಪುಗಳನ್ನು ತೊಳೆಯಲು ಒಯ್ದಾಗ ಒಂದರ ಹಿಡಿ ಮುರಿಯಿತು. ನಾನೇ ಮುರಿದೆನೋ ಮೊದಲೇ ಸೀಳಿತ್ತೋ ಗೊತ್ತಿಲ್ಲ.

ಶನಿವಾರ ಆ ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಆಫೀಸಿಗೆ ಹೋದೆ. ಓದುವುದು, ಮುಚ್ಚುವುದು ಎರಡನ್ನೂ ನಡುವೆ ಯಾರೂ ನುಗ್ಗದಂತೆ ಒಂದೇ ಗಂಟಿನಲ್ಲಿ ಕಟ್ಟಿದೆ. ದೀಪಗಳು ಮತ್ತೆ ಒಟ್ಟಿಗೆ ಆರಲಿಲ್ಲ. ಮುಖ್ಯಸ್ಥರಿಗೆ ಹೇಳುವಾಗ ತಂಗಿಯ ಹೆಸರು ಹೇಳಿದೆ. ಹೇಳದಿರುವಷ್ಟು ಸಣ್ಣವಳಲ್ಲ ನಾನು, ಅಥವಾ ಸಣ್ಣವಳಾಗಿ ಕಾಣಲು ಇಷ್ಟವಿರಲಿಲ್ಲ. ಅವರು ಅವಳನ್ನು ಆಫೀಸಿಗೆ ಕರೆಸಿ ಕಾಫಿ ಕೊಟ್ಟು, ಹಾಳೆಯ ಮುಂದೆ ಮಧ್ಯಾಹ್ನವಿಡೀ ಕುಳಿತರು. ನನ್ನನ್ನು ಅವರು ಮೊದಲಿನಿಂದಲೂ ‘ಸಿಸ್ಟರ್’ ಎನ್ನುತ್ತಿದ್ದರು, ಆಫೀಸಿನ ಎಲ್ಲ ಹೆಂಗಸರನ್ನು ಹಾಗೇ ಕರೆಯುತ್ತಿದ್ದರು. ಅವಳನ್ನು ‘ದುಕ್ತೂರಾ’ ಎಂದರು, ಅರಬ್ಬಿಯಲ್ಲಿ ಡಾಕ್ಟರಮ್ಮ. ಅಂದಿನಿಂದ ಬೆಳಗ್ಗೆ ನನ್ನನ್ನು ಕಂಡೊಡನೆ ಕೇಳುತ್ತಿದ್ದುದು ಒಂದೇ: ದುಕ್ತೂರಾ ಏನಂತಾರೆ?

ನಂತರದ ವಾರಗಳಲ್ಲಿ ಅವಳು ಇಡೀ ಸಾಧನೆಯನ್ನು ಮುಗಿಸಿದಳು. ನಾನು ಸಾಲು ಕೊಟ್ಟೆ, ಅವಳು ನಡುವಿನ ಮಾತುಗಳನ್ನು ಕೊಟ್ಟಳು. ಈಗ ಪ್ರೋಗ್ರಾಮ್ ಸಾಧಿಸಲ್ಪಟ್ಟಿತ್ತು. ಮುಖ್ಯಸ್ಥರು ಯಾರ್ಡಿನವರಿಗೆ ಆ ಮಾತನ್ನೇ ಹೇಳಿದರಂತೆ: ಬರೀ ಪರೀಕ್ಷೆ ಮಾಡಿದ್ದಲ್ಲ, ಸಾಧಿಸಿದ್ದು.

ಮೇ ಕೊನೆಯಲ್ಲಿರಬೇಕು, ಯಾರ್ಡಿನಲ್ಲಿ ಅದನ್ನು ಓಡಿಸಿದರು. ಬೆಳಗ್ಗೆ ಚೆನ್ನಾಗಿ ಓಡಿತು. ಮಧ್ಯಾಹ್ನ ಪಂಪು ತಾನಾಗಿ ನಿಂತಿತು. ಹಡಗು ಕಾಯಬೇಕಾಯಿತು. ಮರುದಿನ ಬೆಳಗ್ಗೆ ಮತ್ತೆ ಸರಿ, ಮಧ್ಯಾಹ್ನ ಮತ್ತೆ ನಿಂತಿತು. ಎರಡೂ ವಾಲ್ವ್ ಮುಚ್ಚಿರಲಿಲ್ಲ; ಅಪಾಯವೇನೂ ಆಗಿರಲಿಲ್ಲ. ‘ವಾಲ್ವ್ ಸಿಕ್ಕಿಹಾಕಿಕೊಂಡಿದೆ’ ಎಂದು ತೀರ್ಮಾನಿಸಿ ಪ್ರೋಗ್ರಾಮೇ ಪಂಪನ್ನು ನಿಲ್ಲಿಸುತ್ತಿತ್ತು. ವಾಲ್ವ್ ಸಿಕ್ಕಿಹಾಕಿಕೊಂಡಿರಲಿಲ್ಲ. ಮುಖ್ಯಸ್ಥರು ತಲೆಗೆ ಕೈ ಹಚ್ಚಿ ಕುಳಿತರು. ದುಕ್ತೂರಾ ಸಾಧಿಸಿದ್ದಾರಲ್ಲ, ಮತ್ತೆ ಹೇಗೆ ಎಂದು ನನ್ನನ್ನು ಕೇಳಿದರು.

ಆ ಸಂಜೆ ಕಂಪನಿಯ ವ್ಯಾನಿನಲ್ಲಿ ಮಂಗಫ್‌ಗೆ ಬರುವಾಗ ನನಗೆ ಎಷ್ಟು ಹಗುರವಾಗಿತ್ತೆಂದರೆ, ಎ.ಸಿ. ಕೆಟ್ಟಿದ್ದೂ ಗಮನಕ್ಕೆ ಬರಲಿಲ್ಲ. ಪ್ರೋಗ್ರಾಮ್ ನನ್ನದು, ನಿಂತದ್ದು ನನ್ನ ಪಂಪು, ಹೋಗುವುದು ನನ್ನ ಕೆಲಸ. ಆದರೂ ಮನಸ್ಸು ಹೇಳುತ್ತಿದ್ದುದು ಒಂದೇ: ಅವಳ ಸಾಧನೆ ತಪ್ಪಿತು. ಮನೆಯಲ್ಲಿ ಮುಖವನ್ನು ಆದಷ್ಟು ಗಂಭೀರ ಮಾಡಿಕೊಂಡು ಹೇಳಿದೆ. ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಯಾವಾಗ್ಲೂ ಮಧ್ಯಾಹ್ನ ಅಷ್ಟ?” ಎಂದು ಕೇಳಿದಳು. ಹೌದೆಂದೆ. “ಅಲ್ಲಿ ಹೋಗಿ ಕೂತು ನೋಡಿ ಬಾ ಅಕ್ಕಾ. ನಂಗಂತೂ ಪಾಸ್ ಕೊಡೂದಿಲ್ಲ. ನೀನ ಹೋಗಬೇಕು.”

ವಿಸಿಟ್ ವೀಸಾದವರಿಗೆ ಯಾರ್ಡಿನ ಪಾಸ್ ಸಿಗುವುದಿಲ್ಲ, ನಿಜ. ಆಗ ಅದೂ ನನಗೊಂದು ಸಂತೋಷವೇ ಆಗಿತ್ತು.

ಯಾರ್ಡಿನಲ್ಲಿ ನನ್ನನ್ನು ನೋಡಿಕೊಳ್ಳಲು ಒಪ್ಪಿಸಿದ್ದು ಉಡುಪಿ ಕಡೆಯ ಆಪರೇಟರೊಬ್ಬರಿಗೆ. ತುಳು ಮಾತಿನವರು, ದೊಡ್ಡ ಬಾಯಿಯ ಮನುಷ್ಯ. ನಮ್ಮ ಕಂಪ್ಯೂಟರ್ ಬಂದಂದಿನಿಂದ ತಮಗೆ ಕೆಲಸವಿಲ್ಲವೆಂದು ಎಲ್ಲರೆದುರು ಹಾಸ್ಯ ಮಾಡುತ್ತಿದ್ದರು. ಕಂಟ್ರೋಲ್ ರೂಮಿನಲ್ಲಿ ಕುಳಿತರೆ ಏನೂ ಕಾಣಲಿಲ್ಲ. ಊಟದ ಹೊತ್ತಾದಾಗ, ಶಿಫ್ಟ್ ಬದಲಾಗುವ ಮುಂಚೆ, ಅವರು ಹೊರಟರು. ನಾನೂ ತಲೆಗೆ ದುಪಟ್ಟಾ ಸುತ್ತಿಕೊಂಡು ಹಿಂದೆ ಹೋದೆ. ಬಿಸಿಲಿಗೆ ನೆಲದ ಜಲ್ಲಿ ಬೂಟಿನ ತಳ ಸುಡುತ್ತಿತ್ತು. ಅವರು ಇನ್ನೂ ಸರದಿ ಬಾರದ ಟ್ಯಾಂಕಿನ ವಾಲ್ವಿನ ಹತ್ತಿರ ನಿಂತು, ಕೈಗವಸು ಹಾಕಿಕೊಂಡು, ಚಕ್ರವನ್ನು ಸ್ವಲ್ಪ ಬಿಚ್ಚಿದರು. ಕೈ ಒರೆಸಿಕೊಂಡು ಊಟದ ಡಬ್ಬಿ ಎತ್ತಿಕೊಂಡರು.

ಏನು ಮಾಡಿದಿರಿ ಎಂದು ಕೇಳಿದೆ.

“ಎಂಥ ಇಲ್ಲ ಮೇಡಂ, ಸ್ವಲ್ಪ ಸಡಿಲ ಮಾಡಿದ್ದು. ಈ ಬಿಸಿಲಿಗೆ ಇದು ಹಿಡ್ಕೊಂಡು ಕೂತ್ಕೊಳ್ತದೆ. ಬರುವವ ಬಂದು ಒದ್ದಾಡ್ಬಾರ್ದಲ್ಲ. ನಾವೆಲ್ಲ ಹಾಗೇ ಮಾಡಿಟ್ಟು ಹೋಗುದು.” ನನ್ನ ಮುಖ ನೋಡಿ ಸೇರಿಸಿದರು: “ಯಾಕೆ ಮಾರಾಯ್ರೆ, ನಿಮ್ಮ ಕಂಪ್ಯೂಟರಿಗೆ ಸಿಟ್ಟು ಬಂತಾ?”

ಬಂದಿತ್ತು. ಕೈಯಿಂದ ನಡೆಯುತ್ತಿದ್ದ ಕಾಲದಲ್ಲಿ ಇದು ಮುಂದಿನ ಶಿಫ್ಟಿನವನಿಗೆ ತೋರುವ ಮರ್ಯಾದೆಯಾಗಿತ್ತು. ಈಗ ಮೋಟಾರು ತೆರೆಯುತ್ತದೆ, ಇದು ಬೇಕಿಲ್ಲ. ಆದರೂ ಕೈ ಬಿಟ್ಟಿರಲಿಲ್ಲ. ನನ್ನ ಪ್ರೋಗ್ರಾಮಿನ ಲೆಕ್ಕದಲ್ಲಿ, ಮುಚ್ಚಿದ್ದ ವಾಲ್ವ್ ಅಲುಗಿತೆಂದರೆ ಅದನ್ನು ಅಲುಗಿಸಿದ್ದು ತಾನೇ. ಹಾಗಾದರೆ ಟ್ಯಾಂಕ್ ಬದಲಾವಣೆ ಶುರುವಾಗಿದೆ. ಪೂರ್ತಿ ತೆರೆಯುವುದನ್ನು ಕಾಯಬೇಕು. ಅದು ಕಾಯುತ್ತಿತ್ತು. ವಾಲ್ವ್ ತೆರೆಯುತ್ತಿರಲಿಲ್ಲ. ಸಿಕ್ಕಿಹಾಕಿಕೊಂಡಿದೆ ಎಂದು ಪಂಪು ನಿಲ್ಲಿಸುತ್ತಿತ್ತು. ಆಫೀಸಿನ ಹಲಗೆಯಲ್ಲಿ ಇದು ಎಂದೂ ಕಾಣಿಸುವಂತಿರಲಿಲ್ಲ, ಯಾಕೆಂದರೆ ಅಲ್ಲಿ ಊಟಕ್ಕೆ ಹೋಗುವವರು ಯಾರೂ ಇರಲಿಲ್ಲ. ನಮ್ಮ ಸಾಧನೆಯಲ್ಲಿ ಒಂದು ತಪ್ಪು ಹೆಜ್ಜೆಯೂ ಇರಲಿಲ್ಲ. ವಾಲ್ವನ್ನು ಮುಟ್ಟುವವರು ಪ್ರೋಗ್ರಾಮಿನ ಎರಡು ಭಾಗ ಮಾತ್ರ ಎಂದು, ಹೇಳದೆಯೇ, ನಂಬಿಕೊಂಡಿದ್ದೆವು. ಮೇಜಿನ ಮುಂದೆ ಕುಳಿತು ಯಾರ್ಡ್ ನಡೆಸುವವರು ಮಾಡುವ ತಪ್ಪು.

ಇದನ್ನು ಕಂಡವಳು ನಾನು. ಜಲ್ಲಿಯ ಮೇಲೆ ನಿಂತು, ಯಾರೂ ಹೇಳಿಕೊಡದೆ ಕಂಡೆ. ಆ ದಿನ ವ್ಯಾನಿನಲ್ಲಿ ಕಿಟಕಿಯ ಆಚೆ ನೋಡುತ್ತ ಒಂದು ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಬರೆಯುವಷ್ಟು ಮುಖ್ಯವಲ್ಲ, ಬಾಲಿಶವಾದದ್ದು.

ತಂಗಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. “ಹೌದಲ್ಲಾ” ಎಂದಳು. “ಮಂದಿ ಕೈ. ಛಲೋ ಹಿಡದೀ ಅಕ್ಕಾ.” ಹಾಳೆಯನ್ನು ತಂದು ಬಿಡಿಸಿ, ಬಲಗಡೆ ಖಾಲಿ ಇದ್ದ ಜಾಗದಲ್ಲಿ, ಮೇಲೆ ‘ಕೈ’ ಎಂದು ಬರೆದಳು. ಅದರ ಕೆಳಗೆ ಒಂದೇ ಸಾಲು: ಯಾವಾಗ ಬೇಕಾದರೂ, ಯಾವ ವಾಲ್ವನ್ನಾದರೂ ಸ್ವಲ್ಪ ತಿರುಗಿಸಬಹುದು. ಆಮೇಲೆ ನಾವಿಬ್ಬರೂ ಒಂದೊಂದೇ ಸಾಲಿನ ನಡುವಿನ ಮಾತು ತೆಗೆದುಕೊಂಡು, ಆ ಕೈ ಬಂದುಹೋದರೂ ಇದು ನಿಲ್ಲುತ್ತದೆಯೇ ಎಂದು ಕೇಳುತ್ತ ಹೋದೆವು. ನಿಲ್ಲದಿದ್ದರೆ ಮಾತನ್ನು ಸಡಿಲಗೊಳಿಸಬೇಕಿತ್ತು. ‘ವಾಲ್ವ್ ಮುಚ್ಚಿದೆ’ ಎಂಬಲ್ಲಿ ‘ವಾಲ್ವ್ ತೆರೆಯಲು ನಾನು ಹೇಳಿಲ್ಲ’ ಎಂದು. ಕಡಿಮೆ ಹೇಳಿದಷ್ಟೂ ಮಾತು ಗಟ್ಟಿಯಾಗುತ್ತಿತ್ತು. ಪ್ರೋಗ್ರಾಮ್ ತಾನು ಶುರುಮಾಡಿದ್ದನ್ನು ವಾಲ್ವಿನ ಮುಖ ನೋಡಿ ಊಹಿಸದೆ, ತನ್ನಲ್ಲೇ ಗುರುತಿಟ್ಟುಕೊಳ್ಳುವಂತೆ ಬದಲಾಯಿಸಿದೆ. ತಾನು ಹೇಳದೆ ವಾಲ್ವ್ ಅಲುಗಿದರೆ ಪಂಪು ನಿಲ್ಲಿಸದೆ, ಪರದೆಯ ಮೇಲೆ ತಿಳಿಸಿ, ಕಾಯುತ್ತದೆ.

ಮಧ್ಯಾಹ್ನಗಳು ಕಳೆದವು, ಪಂಪು ನಿಲ್ಲಲಿಲ್ಲ. ಯಾರ್ಡಿನವರು ಸಹಿ ಹಾಕಿದರು. “ಖಲಾಸ್, ಸಿಸ್ಟರ್” ಎಂದರು ಮುಖ್ಯಸ್ಥರು, ಮತ್ತು ಅಂದು ದುಕ್ತೂರಾಳ ಹೆಸರೆತ್ತಲಿಲ್ಲ. ಜುಲೈ ಮೊದಲಿಗೆ ತಂಗಿಗೆ ಕೆಲಸದ ಆದೇಶ ಬಂತು. ವಿಮಾನ ಹತ್ತಿಸಿ ಬಂದೆವು. ಮಗಳು ಅತ್ತಳು. ನಾನು ಮನೆಯನ್ನೆಲ್ಲ ತೊಳೆದೆ.

ಆಗಸ್ಟಿನಲ್ಲಿ ಆದದ್ದು ಎಲ್ಲರಿಗೂ ಗೊತ್ತು. ನನ್ನದು ಬೇರೆಯವರದಕ್ಕಿಂತ ಬೇರೆಯಲ್ಲ. ಇರಾಕಿನ ಸೈನಿಕರು, ಬ್ರೆಡ್ಡಿನ ಸಾಲು, ಕಿಟಕಿಗೆ ಹಚ್ಚಿದ ಕಾಗದ. ಬಸ್ಸಿನಲ್ಲಿ ಬಾಗ್ದಾದು, ಅಲ್ಲಿಂದ ಜೋರ್ಡಾನಿನ ಗಡಿ, ಮರಳಿನಲ್ಲಿ ಡೇರೆ, ಕೊನೆಗೆ ಮುಂಬಯಿಗೆ ವಿಮಾನ. ಡೇರೆಯಲ್ಲಿ ನೀರಿಗೆ ಕಾಯುತ್ತ ನಿಂತಾಗಲೂ ನನಗೆ ಬಂದ ಯೋಚನೆಗಳಲ್ಲಿ ಒಂದು, ಅವಳು ಸರಿಯಾದ ಹೊತ್ತಿಗೆ ಹೊರಟುಹೋದಳು ಎಂಬುದು. ಅವಳು ಯಾವಾಗಲೂ ಸರಿಯಾದ ಹೊತ್ತಿಗೆ ಹೊರಡುತ್ತಾಳೆ.

ಮರುವರ್ಷ ಮಳೆಗಾಲ ಕಳೆದ ಮೇಲೆ, ಮಗಳನ್ನು ಹುಬ್ಬಳ್ಳಿಯಲ್ಲಿ ನನ್ನ ತಾಯಿಯ ಹತ್ತಿರ ಶಾಲೆಗೆ ಬಿಟ್ಟು, ಗಂಡನ ಹಿಂದೆ ನಾನೂ ಕುವೈತಿಗೆ ಮರಳಿದೆ. ಸೋತು ಹೋಗುವಾಗ ಸೈನ್ಯ ಬೆಂಕಿ ಹಚ್ಚಿದ್ದ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಗಾಳಿ ಈ ಕಡೆ ತಿರುಗಿದ ದಿನ ಮಧ್ಯಾಹ್ನವೇ ಗಾಡಿಗಳು ದೀಪ ಹಾಕಿಕೊಂಡು ಹೋಗುತ್ತಿದ್ದವು. ಒಣಹಾಕಿದ ಬಟ್ಟೆಯ ಮೇಲೆ ಎಣ್ಣೆಯ ಚುಕ್ಕೆ ಬೀಳುತ್ತಿತ್ತು. ಶುವೈಖ್‌ನ ಆಫೀಸಿನಲ್ಲಿ ಕಂಪ್ಯೂಟರ್ ಇರಲಿಲ್ಲ, ಟೇಪುಗಳಿರಲಿಲ್ಲ, ದೀಪದ ಹಲಗೆಯೂ ಇರಲಿಲ್ಲ. ಕ್ಯಾಲೆಂಡರಿನ ಹಾಳೆ ನನ್ನ ಮೇಜಿನ ಖಾನೆಯಲ್ಲಿತ್ತು, ಮೇಜೇ ಹೋಗಿತ್ತು. ಮುಖ್ಯಸ್ಥರ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಹಳೆಯವರು ಎಲ್ಲಿ ಎಂದು ಕೇಳಿದೆ. ಇರಾಕಿನ ಪರ ಇದ್ದರೆಂಬ ಗುಮಾನಿಯಿಂದ ದೇಶ ಬಿಡಿಸುತ್ತಿದ್ದ ಪ್ಯಾಲೆಸ್ಟೀನಿನವರ ಬಗ್ಗೆ ಆಗ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ನನ್ನ ಪಂಪಿಗಾಗಿ ಯಾರ್ಡಿನವರ ಮುಂದೆ ನಿಂತಿದ್ದ ಮನುಷ್ಯ ಈಗ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ.

ಯಾರ್ಡಿನಲ್ಲಿ ಕೆಲವು ಟ್ಯಾಂಕುಗಳು ಸುಟ್ಟಿದ್ದವು, ಕೆಲವು ಉಳಿದಿದ್ದವು. ಹೊಸ ಕಂಪ್ಯೂಟರ್ ಬಂತು. ಹಳ್ಳಿಯಷ್ಟು ದೊಡ್ಡ ಸಿದ್ಧ ಪ್ರೋಗ್ರಾಮ್ ಮಾರುವ ಹೊರದೇಶದ ಇಂಜಿನಿಯರ್ ಕೂಡ ಬಂದ. ಹೊಸ ಮುಖ್ಯಸ್ಥರು ಕೇಳಿದರು: ಹಳೆಯದನ್ನು ಮತ್ತೆ ಬರೆಯಬಲ್ಲೆಯಾ, ಅಥವಾ ಅವನದ್ದನ್ನೇ ಕೊಳ್ಳಲೇ? ಕೆಲವು ದಿನ ಟೈಮ್ ಕೇಳಿದೆ.

ಮೊದಲಿನ ದಿನಗಳು ವ್ಯರ್ಥವಾದವು. ಹಳೆಯ ಪ್ರೋಗ್ರಾಮಿನ ಸಾಲುಗಳನ್ನು ನೆನಪಿಸಿಕೊಳ್ಳಲು ಕುಳಿತೆ. ಬರುತ್ತಿದ್ದವು, ಆದರೆ ಯಾವ ಕಾಲದವೋ ಗೊತ್ತಾಗುತ್ತಿರಲಿಲ್ಲ; ತಿದ್ದಿದ ಮೇಲಿನ ಸಾಲುಗಳ ಪಕ್ಕದಲ್ಲೇ ತಿದ್ದುವ ಮೊದಲಿನವೂ ಬಂದು ಕೂರುತ್ತಿದ್ದವು. ನಾನು ಓದುತ್ತಿದ್ದುದು ಆಗಿನ ಮಾತು. ಆಗ ಕಾಗದಗಳನ್ನೆಲ್ಲ ಹರಿದು ಹಾಕಿ ತೀರ್ಮಾನಿಸಿದೆ: ಪ್ರೋಗ್ರಾಮನ್ನು ನೆನಪಿಸಿಕೊಳ್ಳುವುದು ಬೇಡ. ನೆನಪು ಬೇಡದ ಒಂದು ವಸ್ತು ಇದೆ. ಪಂಪು ಓಡುವಾಗ ಒಂದಾದರೂ ವಾಲ್ವ್ ಪೂರ್ತಿ ತೆರೆದಿರಬೇಕು. ಅದನ್ನು ಯಾವ ಸೈನ್ಯವೂ ಲಾರಿಯಲ್ಲಿ ಒಯ್ದಿರಲಿಲ್ಲ. ಅಲ್ಲಿಂದ ಶುರುಮಾಡಿ, ಆ ಮಾತು ಕದಲದಿರಲು ಮುಂದಿನ ಸಾಲು ಏನಿರಲೇಬೇಕು ಎಂದು ಕೇಳುತ್ತ, ಅದು ಕೇಳಿದ ಸಾಲನ್ನು ಮಾತ್ರ ಬರೆಯುತ್ತ ಹೋಗುವುದು.

ಅದು ತಂಗಿಯ ದಾರಿ, ಒಪ್ಪುತ್ತೇನೆ. ಆದರೆ ಆ ದಾರಿಯಲ್ಲಿ ಆಗ ನಡೆದವಳು ನಾನೊಬ್ಬಳೇ. ಹೊಸ ಪ್ರೋಗ್ರಾಮ್ ಹಳೆಯದಕ್ಕಿಂತ ಚಿಕ್ಕದಾಯಿತು. ಇಷ್ಟು ಸುಖದ ಕೆಲಸ ನನಗೆ ಮತ್ತೆ ಸಿಕ್ಕಿಲ್ಲ.

ಆದರೆ ಶುರುವಿನಲ್ಲೇ ಒಂದು ಸಂಗತಿ ಆಯಿತು. ದೊಡ್ಡ ಹಾಳೆ ಹರಡಿ, ನೆತ್ತಿಯಲ್ಲಿ ಕದಲದ ಮಾತು ಬರೆದು, ಕೆಳಗೆ ಒಂದು ಗೆರೆ ಎಳೆದೆ. ಎರಡನೆಯ ಗೆರೆ ಎಳೆಯಲು ಕೈ ಎತ್ತಿದಾಗ ಹಳೆಯ ಹಾಳೆ ಕಣ್ಣ ಮುಂದೆ ಬಂತು. ಅದರಲ್ಲಿ ಮೂರು ಕಾಲಂಗಳಿದ್ದವು. ನಾನು ಯಾರ್ಡಿನಿಂದ ಬಂದು ಹೇಳಿದ ಸಂಜೆ ತಂಗಿ ಬಲಗಡೆ ‘ಕೈ’ ಎಂದು ಬರೆದಳು. ಬರೆಯುವ ಮುಂಚೆ ಗೆರೆ ಎಳೆದಳೇ? ಎಳೆದದ್ದು ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ಅವಳು ನೇರ ಬರೆದದ್ದೇ ಕಾಣುತ್ತದೆ, ಜಾಗ ಮೊದಲೇ ಸಿದ್ಧವಿದ್ದಂತೆ. ಹಾಗಾದರೆ ಎರಡನೆಯ ಗೆರೆ ಮೊದಲ ಶುಕ್ರವಾರದಿಂದಲೇ ಅಲ್ಲಿತ್ತು. ಮೂರನೆಯ ಕಾಲಂ ಖಾಲಿಯಾಗಿ ಕಾಯುತ್ತಿತ್ತು. ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕುವುದನ್ನೇ ಓದಿ ಡಾಕ್ಟರೇಟ್ ಪಡೆದವಳು ಹೊರಗಿನ ಕೈಯನ್ನು ಮರೆತಾಳೇ? ‘ಅಲ್ಲಿ ಹೋಗಿ ಕೂತು ನೋಡಿ ಬಾ’ ಎಂದದ್ದು ಯಾಕೆ?

ಆದರೆ ಆ ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಓಡಾಡಿದವಳು ನಾನೇ. ಬಲಗಡೆಯ ಗೆರೆ, ಗೆರೆಯಲ್ಲದೆ ಬರೀ ಮಡಿಕೆಯ ಗುರುತಾಗಿರಬಹುದು. ಪೆನ್ಸಿಲಿನದೋ ಮಡಿಕೆಯದೋ ಎಂದು ನೋಡಲು ಹಾಳೆ ಇಲ್ಲ. ಹೊಟ್ಟೆಕಿಚ್ಚಿನವರ ನೆನಪು ತನಗೆ ಬೇಕಾದ ಗೆರೆಗಳನ್ನು ಎಳೆದುಕೊಳ್ಳುತ್ತದೆ ಎಂಬುದೂ ನನಗೆ ಗೊತ್ತು.

ಯಾರ್ಡಿನಲ್ಲಿ ಹೊಸದನ್ನು ಓಡಿಸಿದ ದಿನ ಉಡುಪಿಯ ಆಪರೇಟರೂ ಇದ್ದರು. ಊರಿನಿಂದ ನನಗಿಂತ ಮೊದಲೇ ಮರಳಿದ್ದರು. ಬೇಕೆಂದೇ ಹೋಗಿ ಚಕ್ರ ಬಿಚ್ಚಿ ಬಂದರು. ಪಂಪು ನಿಲ್ಲಲಿಲ್ಲ. ಯಾರೋ ವಾಲ್ವಿಗೆ ಕೈ ಹಾಕಿದ್ದಾರೆ ಎಂದು ಪರದೆಯ ಮೇಲೆ ಬಂತು. “ಯಾರೋ ಅಂತ ಯಾಕೆ ಮೇಡಂ, ನನ್ನ ಹೆಸರು ಹಾಕ್ಲಿಕ್ಕೆ ಆಗುದಿಲ್ವಾ?” ಎಂದರು. ಎಲ್ಲರೂ ನಕ್ಕರು. ಹೊರದೇಶದ ಇಂಜಿನಿಯರ್ ತನ್ನ ಪೆಟ್ಟಿಗೆ ಕಟ್ಟಿಕೊಂಡ.

ಆ ವರ್ಷದ ಕೊನೆಗೆ ಹುಬ್ಬಳ್ಳಿಗೆ ಹೋದೆ. ತಂಗಿಯೂ ಬಂದಿದ್ದಳು, ತನ್ನ ಹೊಸ ಸಂಶೋಧನಾ ಲೇಖನದ ಪ್ರತಿ ತಂದಿದ್ದಳು. ಎರಡು ಟ್ಯಾಂಕು, ಒಂದು ಪಂಪು, ಮತ್ತು ಯಾರೆಂದು ಹೇಳಲಾಗದ ಒಂದು ಕೈ: ನಮ್ಮ ಯಾರ್ಡೇ ಅದರ ಉದಾಹರಣೆ. ಲೇಖನದ ಅಡಿಯಲ್ಲಿ ಕೃತಜ್ಞತೆಯ ಒಂದೇ ಸಾಲು, ಮೂರನೆಯ ಕೈಯನ್ನು ಮೊದಲು ಕಂಡ ನನ್ನ ಅಕ್ಕನಿಗೆ ಎಂದು. ನನ್ನ ಪೂರ್ತಿ ಹೆಸರು, ಅಚ್ಚಿನಲ್ಲಿ. ತಾಯಿ ಅದನ್ನು ಬಂದವರಿಗೆಲ್ಲ ತೋರಿಸಿದರು. ನಾನು ಕಂಡದ್ದು ನಿಜವಾದರೆ ಅದು ನನ್ನದು. ಅವಳು ಬಿಟ್ಟುಕೊಟ್ಟದ್ದಾದರೆ, ಮಗಳಿಗೆ ಲೆಕ್ಕ ಹೇಳಿಕೊಡುವಾಗ ಕೊನೆಯ ಹೆಜ್ಜೆಯನ್ನು ಮಗುವೇ ಹೇಳಲೆಂದು ಪೆನ್ಸಿಲ್ ನಿಲ್ಲಿಸುತ್ತಾಳಲ್ಲ, ಇದೂ ಅದೇ.

ಮೆಟ್ಟಿಲ ಮೇಲೆ ಅವಳು ಮಗಳ ಪಕ್ಕ ಕುಳಿತಿದ್ದಾಗ ಕೇಳಿದೆ. ಅವಳು ತಲೆ ಎತ್ತಿ ನೋಡಿದಳು, ಯಾರ್ಡಿನಿಂದ ಬಂದ ಸಂಜೆ ನೋಡಿದಷ್ಟೇ ಹೊತ್ತು. “ಚಾ ಆರತದ, ಕುಡಿ ಅಕ್ಕಾ” ಎಂದು ಮತ್ತೆ ಪುಸ್ತಕಕ್ಕೆ ಬಗ್ಗಿದಳು. ಆಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ. ಅವಳೂ ಹೇಳಿಲ್ಲ, ನಾನೂ ಎರಡನೆಯ ಸಲ ಕೇಳಿಲ್ಲ. ನಾನು ಕೇಳಿದ್ದು ಇಷ್ಟು:

“ಖರೇ ಹೇಳು. ಆ ಮೂರನೇ ಕಾಲಂ ನೀ ಮದಲ ಎಳದಿಟ್ಟಿದ್ದೇನು, ನಾ ತುಂಬಲಿ ಅಂತ?”